ಕೂಸು ಆಡಿಸಲು ಹೋಗಿ ಕಂಡ ಸಮ್ಮೇಳನ

2018ರ ಯುಗಾದಿ ನನ್ನ ಪಾಲಿಗೆ ಇಟಲಿಯ ಒಂದು ಬೆಟ್ಟದ ದಾರಿಯಲ್ಲಿ ಆಯಿತು ಎಂದರೆ ನಮ್ಮ ಓಣಿಯ ಹೆಂಗಸರು ಈಗಲೂ ನಗುತ್ತಾರೆ. ಮಾರ್ಚ್ 18, ಭಾನುವಾರ. ಧಾರವಾಡದಿಂದ ಪೊಟ್ಟಣ ಕಟ್ಟಿ ಒಯ್ದಿದ್ದ ಒಣ ಬೇವಿನ ಹೂವು, ಒಂದು ತುಣುಕು ಬೆಲ್ಲ, ಇಷ್ಟನ್ನು ಬಸ್ಸಿನಲ್ಲಿಯೇ ನಾನೂ ನನ್ನ ತಂಗಿಯೂ ಬಾಯಿಗೆ ಹಾಕಿಕೊಂಡೆವು. ಎಂಟು ತಿಂಗಳ ಕೂಸಿನ ತುಟಿಗೆ ಬೆಲ್ಲವನ್ನಷ್ಟೇ ಸವರಿದೆ. ಬೇವು ಮುಂದೆ ಇದ್ದೇ ಇದೆಯಲ್ಲ!

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಒಲೆಯ ಮುಂದೆ ಕೂತೆ. ಅವಳು ಓದುತ್ತಾ ಓದುತ್ತಾ ಜರ್ಮನಿಯ ಫ್ರಾಂಕ್‌ಫರ್ಟ್ ಮುಟ್ಟಿದಳು. ಅಲ್ಲಿ ಜೀವಕೋಶಗಳ ಸಂಶೋಧನೆ. ಆ ವರ್ಷ ಇಟಲಿಯಲ್ಲಿ ಅವಳ ವಿಷಯದ ದೊಡ್ಡ ಸಮ್ಮೇಳನ. ಅವಳ ಗಂಡನಿಗೆ ರಜೆಯಿಲ್ಲ, ಕೂಸು ಇನ್ನೂ ಮೊಲೆಹಾಲು ಬಿಟ್ಟಿಲ್ಲ. "ಅಕ್ಕಾ, ನೀ ಬಂದು ಕೂಸಿನ್ನ ಹಿಡಕೊಂಡ್ರ ಹೋಗ್ತೀನಿ, ಇಲ್ಲಾಂದ್ರ ಈ ಸಲ ಬಿಟ್ಟಂಗ" ಅಂದಳು ಫೋನಿನಲ್ಲಿ. ಅವ್ವನನ್ನು ನಾದಿನಿಗೆ ಒಪ್ಪಿಸಿ, ನಮ್ಮವರಿಗೆ ಹತ್ತು ದಿನದ ಚಟ್ನಿಪುಡಿ ಕುಟ್ಟಿಟ್ಟು, ಹೊರಟೇಬಿಟ್ಟೆ. ಹೊರಡುವುದಕ್ಕೆ ನನ್ನದೇ ಆದ ಇನ್ನೊಂದು ಕಾರಣವೂ ಇತ್ತು. ಒಂದೂವರೆ ವರ್ಷದಿಂದ ಯಾರನ್ನೂ ಕೇಳಲಾಗದೆ ಹೊಟ್ಟೆಯೊಳಗೆ ಇಟ್ಟುಕೊಂಡ ಒಂದು ಪ್ರಶ್ನೆ. ಅದನ್ನು ಆಮೇಲೆ ಹೇಳುತ್ತೇನೆ.

ಪೀಸಾದಲ್ಲಿ ವಿಮಾನ ಇಳಿದೆವು. ಪೀಸಾ ಅಂದರೆ ಶಾಲೆಯ ಪುಸ್ತಕದ ವಾಲುಗೋಪುರ. ನೋಡಿದೆಯಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ, ನೋಡಲಿಲ್ಲ! ಬಸ್ಸು ಕಾಯುತ್ತಿತ್ತು, ಕೂಸು ಅಳುತ್ತಿತ್ತು. ಎಂಟುನೂರು ವರ್ಷದಿಂದ ವಾಲಿಕೊಂಡೇ ನಿಂತದ್ದು ಇನ್ನೊಮ್ಮೆ ಬಂದಾಗಲೂ ನಿಂತಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಲುಕ್ಕಾ ಪಟ್ಟಣ ದಾಟಿದ ಮೇಲೆ ಸೆರ್ಕಿಯೊ ಎಂಬ ನದಿ ದಾರಿಗೆ ಜೊತೆಯಾಯಿತು. ಬೊರ್ಗೊ ಆ ಮೊಟ್ಸಾನೊ ಎಂಬ ಊರಿನ ಬಳಿ ಒಂದು ಹಳೆಯ ಕಲ್ಲಿನ ಸೇತುವೆ. ಕಮಾನುಗಳು ಒಂದರಂತೆ ಇನ್ನೊಂದಿಲ್ಲ. ದೊಡ್ಡ ಕಮಾನು ಒಂಟೆಯ ಡುಬ್ಬದ ಹಾಗೆ ಎದ್ದು ನಿಂತಿದೆ. ಅದಕ್ಕೆ ದೆವ್ವದ ಸೇತುವೆ ಎಂದೇ ಹೆಸರು. ಕಟ್ಟುವವನಿಗೆ ಕೆಲಸ ಮುಗಿಯದೆ ದೆವ್ವದ ಮೊರೆ ಹೊಕ್ಕನಂತೆ. ಒಂದೇ ರಾತ್ರಿಯಲ್ಲಿ ಕಟ್ಟಿಕೊಡುತ್ತೇನೆ, ಮೊದಲು ದಾಟಿದ ಜೀವ ನನ್ನದು ಅಂತ ದೆವ್ವದ ಕರಾರು. ಬೆಳಗಾದ ಮೇಲೆ ಇವನು ಒಂದು ಹಂದಿಯನ್ನು ಅಟ್ಟಿದ! ಹಂದಿಯಲ್ಲ, ನಾಯಿ ಎನ್ನುವವರೂ ಇದ್ದಾರೆ. ಎಲ್ಲ ಊರಿನಲ್ಲೂ ದೆವ್ವಕ್ಕಿಂತ ಮೇಸ್ತ್ರಿಯೇ ಜಾಣ.

ಸಮ್ಮೇಳನ ನಡೆದದ್ದು ಬಾರ್ಗಾ ಎಂಬ ಊರಿನ ಹತ್ತಿರ, ಬೆಟ್ಟದ ಮೈಗೆ ಅಂಟಿಕೊಂಡ ದೊಡ್ಡ ಹೋಟೆಲಿನಲ್ಲಿ. ಆ ಜಾಗದ ಹೆಸರು ಇಲ್ ಚೊಕ್ಕೊ. ಇಟಲಿಯ ಭಾಷೆಯಲ್ಲಿ ಮರದ ಕೊರಡು ಅಂತ ಅರ್ಥವಂತೆ. ನನಗೆ ಮಾತ್ರ ಕೇಳಿದ ಕೂಡಲೇ ನಮ್ಮ "ಚೊಕ್ಕ"ವೇ ನೆನಪಾಯಿತು. ಸಮ್ಮೇಳನದ ವಿಷಯವೂ ಅದೇ ತಾನೆ? ಜೀವಕೋಶ ತನ್ನ ಮನೆಯನ್ನು ತಾನೇ ಚೊಕ್ಕ ಮಾಡಿಕೊಳ್ಳುವುದು. ಅದಕ್ಕೆ ಆಟೊಫಜಿ ಎನ್ನುತ್ತಾರೆ. ಗ್ರೀಕ್ ಮಾತಿನಲ್ಲಿ ತನ್ನನ್ನು ತಾನೇ ತಿನ್ನುವುದು ಎಂದರ್ಥ. 1963ರಲ್ಲಿ ಕ್ರಿಶ್ಚಿಯನ್ ಡಿ ಡುವೆ ಎಂಬ ಬೆಲ್ಜಿಯಂ ವಿಜ್ಞಾನಿ ಇಟ್ಟ ಹೆಸರು. ಕೇಳಲು ಎಷ್ಟು ಭಯಂಕರ!

ಈ ಗಾರ್ಡನ್ ಸಮ್ಮೇಳನಗಳ ಪದ್ಧತಿಯೇ ಬೇರೆ. 1931ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನೀಲ್ ಗಾರ್ಡನ್ ಎಂಬ ರಸಾಯನಶಾಸ್ತ್ರದ ಮೇಷ್ಟರು ಶುರು ಮಾಡಿದ್ದು. ಆಟೊಫಜಿಯ ಸರಣಿ 2003ರಿಂದ ನಡೆಯುತ್ತಿದೆ. ಎಲ್ಲರೂ ಐದು ದಿನ ಒಂದೇ ಸೂರಿನಡಿ ಇರಬೇಕು, ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಬೆಳಿಗ್ಗೆ ಭಾಷಣ, ಮತ್ತೆ ರಾತ್ರಿ ಒಂಬತ್ತೂವರೆಯವರೆಗೆ ಭಾಷಣ. ಮಧ್ಯಾಹ್ನ ಮಾತ್ರ ಬಿಡುವು. ನೊಬೆಲ್ ಪಡೆದವರೂ ನಿನ್ನೆ ಮೊನ್ನೆ ಸೇರಿದ ವಿದ್ಯಾರ್ಥಿಯೂ ಅಕ್ಕಪಕ್ಕ ಕೂತು ವಾದಿಸಬೇಕು ಎಂಬುದೇ ಉದ್ದೇಶ. ಹೊಸ ಕೆಲಸವನ್ನು ಅಳುಕಿಲ್ಲದೆ ಹಂಚಿಕೊಳ್ಳಲೆಂದು, ಒಳಗೆ ಹೇಳಿದ್ದನ್ನು ಹೊರಗೆ ಅಚ್ಚು ಹಾಕಿಸಕೂಡದು ಎಂಬ ನಿಯಮವೂ ಇದೆ. ನನ್ನಿಂದ ಆ ಅಪಾಯವಿರಲಿಲ್ಲ. ಸಭೆಯೊಳಗೆ ನನಗೂ ಕೂಸಿಗೂ ಪ್ರವೇಶವೇ ಇರಲಿಲ್ಲ. ಇಲ್ಲಿ ಬರೆಯುತ್ತಿರುವ ವಿಜ್ಞಾನವೆಲ್ಲ ಆಗಲೇ ಅಚ್ಚಾದದ್ದು, ತಂಗಿ ನನಗೆ ಬಿಡಿಸಿ ಹೇಳಿದ್ದು.

ಹೇಳಿದ್ದು ಹೇಗೆ ಅಂತೀರಿ? ಮೊದಲ ರಾತ್ರಿ ಕೂಸು ಮಲಗಿದ ಮೇಲೆ. ಹೊಸ ಜಾಗದಲ್ಲಿ ಅದಕ್ಕೆ ನಿದ್ದೆ ಬರಲೆಂದು ಅವ್ವ ಹೊಲಿದ ಕೌದಿಯನ್ನು ಹಾಸಿದ್ದೆವು. "ನೋಡಕ್ಕಾ, ಈ ಕೌದಿನೇ ಆಟೊಫಜಿ" ಅಂದಳು ತಂಗಿ. ಜೀವಕೋಶದಲ್ಲಿ ಹಳತಾದದ್ದು, ಮುರಿದದ್ದು, ಸೊಟ್ಟಗಾದದ್ದು ಎಷ್ಟೋ ಇರುತ್ತದೆ. ಕೋಶ ಅದರ ಸುತ್ತ ತೆಳುವಾದ ಪೊರೆಯನ್ನು ಹಬ್ಬಿಸಿ ಗಂಟು ಕಟ್ಟುತ್ತದೆ. ಆ ಗಂಟು ಹೋಗಿ ಲೈಸೊಸೋಮ್ ಎಂಬ ಚೀಲಕ್ಕೆ ಕೂಡಿಕೊಳ್ಳುತ್ತದೆ. ಅಲ್ಲಿ ಜೀರ್ಣರಸಗಳಿವೆ. ಗಂಟಿನೊಳಗಿದ್ದದ್ದು ಚೂರುಚೂರಾಗಿ, ಆ ಚೂರುಗಳಿಂದಲೇ ಹೊಸದನ್ನು ಕಟ್ಟುತ್ತದೆ. ನಮ್ಮ ಮೈ ದಿನಕ್ಕೆ 200ರಿಂದ 300 ಗ್ರಾಂ ಪ್ರೋಟೀನು ತಯಾರಿಸುತ್ತದಂತೆ. ನಾವು ಉಣ್ಣುವುದು ಸುಮಾರು 70 ಗ್ರಾಂ. ಮಿಕ್ಕದ್ದು ಹಳೆಯದನ್ನು ಬಿಚ್ಚಿ ಬಳಸಿದ್ದು. ಹಳೆ ಸೀರೆ, ಹಳೆ ಅಂಗಿ ಹರಿದು ಕೌದಿ ಹೊಲಿದ ಹಾಗೆ! ನಾನು ಇಷ್ಟು ದಿನ ಕಸ ಗುಡಿಸಿ ಹೊರಗೆ ಚೆಲ್ಲುವ ಕೆಲಸ ಎಂದುಕೊಂಡಿದ್ದೆ. ಅಲ್ಲವಂತೆ.

ಇದು ನಡೆಯುವ ಬಗೆಯನ್ನು ಕಂಡುಹಿಡಿದ ಜಪಾನಿನ ಯೋಶಿನೋರಿ ಒಸುಮಿ ಅವರ ಕತೆ ನನಗೆ ಬಹಳ ಹಿಡಿಸಿತು. 1988ರಲ್ಲಿ ಅವರು ಟೋಕಿಯೊದಲ್ಲಿ ಸ್ವಂತ ಪ್ರಯೋಗಾಲಯ ಶುರು ಮಾಡಿದಾಗ ವಯಸ್ಸು 43. ಆರಿಸಿಕೊಂಡದ್ದು ಯೀಸ್ಟು, ನಾವು ಬ್ರೆಡ್ಡಿನ ಹಿಟ್ಟಿಗೆ ಹಾಕುತ್ತೇವಲ್ಲ, ಅದೇ. ಅದರೊಳಗಿನ ಒಂದು ಚೀಲವನ್ನು ಎಲ್ಲರೂ ಬರೀ ತಿಪ್ಪೆ ಎಂದು ಬಿಟ್ಟಿದ್ದರು. ಇವರು ಅರೆಯುವ ರಸಗಳಿಲ್ಲದ ಯೀಸ್ಟನ್ನು ತೆಗೆದುಕೊಂಡು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ಆ ಚೀಲದ ತುಂಬ ಸಣ್ಣ ಸಣ್ಣ ಗುಂಡುಗಳು ಕುಣಿಯತೊಡಗಿದವು! ರುಬ್ಬುವ ಕಲ್ಲು ನಿಲ್ಲಿಸಿದರೆ ಒಳಗೆ ಹಾಕಿದ ಕಾಳು ಹಾಗೆಯೇ ಕಾಣುತ್ತದಲ್ಲ, ಹಾಗೆ. 1992ರಲ್ಲಿ ಅದನ್ನು ಪ್ರಕಟಿಸಿದರು, ಮರುವರ್ಷ ಈ ಕೆಲಸಕ್ಕೆ ಬೇಕಾದ 15 ಜೀನುಗಳನ್ನು ಗುರುತಿಸಿದರು. 2016ರಲ್ಲಿ ನೊಬೆಲ್ ಬಂತು, ಅವರೊಬ್ಬರಿಗೇ. ಹೆಂಡತಿ ಮಾರಿಕೊ ಕೂಡ ಅವರ ಜೊತೆ ಕೆಲಸ ಮಾಡಿದ ವಿಜ್ಞಾನಿ ಎಂಬುದನ್ನು ನಾನಾದರೂ ಇಲ್ಲಿ ಬರೆಯಬೇಕು.

ಬೆಳಿಗ್ಗೆ ತಂಗಿ ಒಳಗೆ ಹೋದರೆ ನಾನು ಕೂಸನ್ನು ಸೀರೆಯ ಮೇಲೆ ಶಾಲಿನಲ್ಲಿ ಕಟ್ಟಿಕೊಂಡು ಹೊರಗೆ ನಿಲ್ಲುತ್ತಿದ್ದೆ. ಥಂಡಿ ಅಂದರೆ ಥಂಡಿ. ಎದುರಿಗೆ ಅಪುವಾನ್ ಬೆಟ್ಟಗಳು, ತಲೆಯ ಮೇಲೆ ಹಿಮ. ಸುತ್ತ ಎಲೆಯಿಲ್ಲದ ಚೆಸ್ಟ್‌ನಟ್ ಮರಗಳು. ಈ ಕಣಿವೆಯ ಜನರನ್ನು ಶತಮಾನಗಟ್ಟಲೆ ಸಾಕಿದ್ದು ಈ ಮರವೇ ಅಂತೆ. ಎರಡು ಅಂತಸ್ತಿನ ಕಲ್ಲುಗುಡಿಸಲಿನ ಅಟ್ಟದ ಮೇಲೆ ಕಾಯಿ ಹರವಿ, ಕೆಳಗೆ ಸಣ್ಣ ಉರಿಯ ಹೊಗೆ ಹಾಕಿ ವಾರಗಟ್ಟಲೆ ಒಣಗಿಸಿ, ಸುಲಿದು ಬೀಸಿದರೆ ಹಿಟ್ಟು. ಸಕ್ಕರೆ ಹಾಕದಿದ್ದರೂ ಸಿಹಿ. ಅದನ್ನು ನೀರಿನಲ್ಲಿ ಕಲಸಿ, ಉದ್ದ ಹಿಡಿಯ ಎರಡು ಕಬ್ಬಿಣದ ಹಂಚಿನ ನಡುವೆ ಒತ್ತಿ ಬೇಯಿಸಿದರೆ ನೆಚ್ಚಿ ಎಂಬ ದೋಸೆ! ಒಳಗೆ ರಿಕೋಟ ಎಂಬ ಮೆತ್ತನೆಯ ಗಿಣ್ಣದಂಥ ಚೀಸಿಟ್ಟು ಸುರುಳಿ ಸುತ್ತಿ ಕೊಡುತ್ತಾರೆ. ಮಾರ್ಚ್ 19 ಅಲ್ಲಿ ಸಂತ ಜೋಸೆಫರ ಹಬ್ಬ. ಅಕ್ಕಿಯನ್ನು ಹಾಲಿನಲ್ಲಿ ಬೇಯಿಸಿ, ನಿಂಬೆ ಸಿಪ್ಪೆ ತುರಿದು ಹಾಕಿ, ಉಂಡೆ ಕರಿದು ಸಕ್ಕರೆಯಲ್ಲಿ ಹೊರಳಿಸಿದ ತಿಂಡಿ ಮಾಡುತ್ತಾರೆ. ಯುಗಾದಿಯ ಹೋಳಿಗೆ ತಪ್ಪಿದ್ದು ಅದರಲ್ಲಿ ತುಂಬಿಕೊಂಡೆ.

ಒಂದು ಮಧ್ಯಾಹ್ನ ಬಾರ್ಗಾಕ್ಕೆ ಹೋದೆವು. ಎಲ್ಲ ದಾರಿಯೂ ಏರು. ತುದಿಯಲ್ಲಿ ಬಿಳಿಗಲ್ಲಿನ ದೊಡ್ಡ ಇಗರ್ಜಿ, ಒಳಗೆ ಕೂಸನ್ನು ಹೆಗಲ ಮೇಲೆ ಹೊತ್ತ ಸಂತ ಕ್ರಿಸ್ಟೋಫರನ ಮರದ ವಿಗ್ರಹ. ನನ್ನ ಹೆಗಲೂ ನೋಯುತ್ತಿತ್ತಾದ್ದರಿಂದ ಆತನಿಗೆ ಕೈ ಮುಗಿದೆ. ಬಡತನದಲ್ಲಿ ಈ ಊರಿನವರು ಗುಂಪುಗುಂಪಾಗಿ ಸ್ಕಾಟ್‌ಲೆಂಡಿಗೆ ಹೋಗಿ ಕರಿದ ಮೀನು, ಐಸ್‌ಕ್ರೀಮು ಮಾರಿ ಬದುಕಿದರಂತೆ. ಇಲ್ಲೊಂದು ಇಂಗ್ಲಿಷರ ಕೆಂಪು ಫೋನ್ ಪೆಟ್ಟಿಗೆಯೂ ನಿಂತಿದೆ. ನಮ್ಮವರೂ ಇಲ್ಲಿಗೆ ಬಂದಿದ್ದರು, ಸುಖಕ್ಕಲ್ಲ. 1944ರ ಡಿಸೆಂಬರಿನಲ್ಲಿ ಜರ್ಮನರು ಈ ಕಣಿವೆಗೆ ನುಗ್ಗಿದಾಗ ತಡೆಯಲು ಕಳಿಸಿದ್ದು ಎಂಟನೆಯ ಇಂಡಿಯನ್ ಡಿವಿಷನ್ನನ್ನು.

ಇನ್ನೊಂದು ಮಧ್ಯಾಹ್ನ ಹತ್ತಿರದ ಕಾಸ್ತೆಲ್‌ವೆಕ್ಕಿಯೊದಲ್ಲಿ ಜೊವಾನ್ನಿ ಪಾಸ್ಕೊಲಿ ಎಂಬ ಕವಿಯ ಮನೆ. ಲ್ಯಾಟಿನ್ ಕವಿತೆಗೆ ಗೆದ್ದ ಐದು ಚಿನ್ನದ ಪದಕಗಳನ್ನು ಮಾರಿ 1902ರಲ್ಲಿ ಈ ಮನೆ ಕೊಂಡನಂತೆ. ಬರೆಯಲು ಮೂರು ಮೇಜು ಇಟ್ಟಿದ್ದಾರೆ. ನಾನು ನಿಂತದ್ದು ಅಡುಗೆಮನೆಯಲ್ಲಿ. ಅವನ ತಂಗಿ ಮರಿಯಾ ಮದುವೆಯಾಗದೆ ಅಣ್ಣನ ಮನೆ ನಡೆಸಿದಳು. 1912ರಲ್ಲಿ ಅಣ್ಣ ತೀರಿದ ಮೇಲೆ ನಲವತ್ತು ವರ್ಷ, ತಾನು ಸಾಯುವವರೆಗೂ, ಒಂದು ಪಾತ್ರೆ ಅತ್ತಿತ್ತ ಆಗದಂತೆ ಆ ಮನೆಯನ್ನು ಕಾದಳು. ಮೂರು ಮೇಜು ಅವನಿಗೆ, ಒಂದು ಒಲೆ ಇವಳಿಗೆ. ತಂಗಿ ನನ್ನ ಮುಖ ನೋಡಿದಳು. "ಏನಕ್ಕಾ?" ಅಂದಳು. "ಏನಿಲ್ಲ" ಅಂದೆ.

ನನಗೆ ಸಮ್ಮೇಳನ ಅಂದರೆ ಊಟದ ಮನೆ. ದುಂಡು ಮೇಜುಗಳು, ಒಂದೊಂದಕ್ಕೆ ಒಂದೊಂದು ದೇಶದವರು ಕಲೆತು ಕೂರುತ್ತಿದ್ದರು. ಕೂಸು ಇದ್ದದ್ದರಿಂದ ನಮ್ಮ ಮೇಜಿಗೆ ಗಿರಾಕಿ ಹೆಚ್ಚು. ಒಂದು ದಿನ ಕೂಸು ಹಾಲಿಗಾಗಿ ಕಿರುಚಿದಾಗ ಪಕ್ಕದ ಜಪಾನಿ ಹೆಂಗಸು ನಕ್ಕು ಏನೋ ಹೇಳಿದಳು. ತಂಗಿ ಕನ್ನಡಿಸಿದಳು: ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುತ್ತಾರೆ, ಅಲ್ಲಿಗೆ ತಾಯಿಯ ಊಟ ನಿಂತಿತು. ಮೊಲೆಹಾಲು ಸರಿಯಾಗಿ ಸಿಗುವವರೆಗೆ ಮಧ್ಯೆ ಕೆಲವು ಗಂಟೆ. ಆಗ ಹಸುಗೂಸಿನ ಕೋಶಗಳು ತಮ್ಮನ್ನೇ ಸ್ವಲ್ಪ ತಿಂದು ಜೀವ ಹಿಡಿದಿರುತ್ತವೆ. 2004ರಲ್ಲಿ ಜಪಾನಿನಲ್ಲಿ ಇಲಿಮರಿಗಳಲ್ಲಿ ಇದನ್ನು ತೋರಿಸಿದರು. ಆ ಶಕ್ತಿಯಿಲ್ಲದೆ ಹುಟ್ಟಿದ ಮರಿಗಳು ಒಂದು ದಿನದೊಳಗೆ ಸತ್ತವು. ನಾನು ಎರಡು ಹೆತ್ತವಳು, ಓಣಿಯಲ್ಲಿ ಎಷ್ಟು ಬಾಣಂತನ ನೋಡಿದವಳು. ಹುಟ್ಟಿದ ದಿನವೇ ಕೂಸು ಅಂಥ ಉಪವಾಸ ದಾಟುತ್ತದೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಉಪವಾಸ ಎಂಬ ಮಾತು ಬಂತಲ್ಲ, ನನ್ನ ಪ್ರಶ್ನೆ ಅಲ್ಲಿಯೇ ಇತ್ತು. ನಮ್ಮ ಅವ್ವನಿಗೆ ಪಾರ್ಕಿನ್ಸನ್ ಎಂಬ ನಡುಗು ರೋಗ. ಮೊದಲು ಸೂಜಿಗೆ ದಾರ ಪೋಣಿಸಲಾಗದಾಯಿತು, ಕೌದಿ ನಿಂತಿತು. ಆಮೇಲೆ ಚಹಾ ಬಸಿ ಚೆಲ್ಲತೊಡಗಿತು. ಜೊತೆಗೆ ಸಕ್ಕರೆ ಕಾಯಿಲೆ. 2016ರಲ್ಲಿ ಒಸುಮಿಯವರಿಗೆ ನೊಬೆಲ್ ಬಂದ ಕೂಡಲೇ ಎಲ್ಲರ ವಾಟ್ಸಾಪಿಗೂ ಒಂದು ಸಂದೇಶ ಬಂತು, ನಿಮಗೂ ಬಂದಿರಬೇಕು: ನಮ್ಮ ಏಕಾದಶಿ ಉಪವಾಸಕ್ಕೆ ನೊಬೆಲ್, ಉಪವಾಸ ಮಾಡಿದರೆ ಕೋಶ ಶುದ್ಧಿಯಾಗಿ ಎಲ್ಲ ರೋಗ ಹೋಗುತ್ತದೆ ಅಂತ. ನಾನೇ ಅದನ್ನು ಅವ್ವನಿಗೆ ಓದಿ ಹೇಳಿದೆ. ನಿರಾಹಾರ ಮಾಡಿಸಿದೆ. ಸಕ್ಕರೆಯ ಗುಳಿಗೆ ಮಾತ್ರ ತಪ್ಪಿಸಲಿಲ್ಲ, ಅಷ್ಟು ಶಿಸ್ತು ನನ್ನದು! ಎರಡನೆಯ ಏಕಾದಶಿಯ ಮರುದಿನ ನಸುಕಿನಲ್ಲಿ ಅವ್ವ ಹಿತ್ತಲ ಬಾಗಿಲಿಗೆ ಬಿದ್ದಿದ್ದಳು. ಮೈಯೆಲ್ಲ ತಣ್ಣನೆ ಬೆವರು. ಮಣಿಕಟ್ಟು ಮುರಿದಿತ್ತು. ಬಚ್ಚಲಲ್ಲಿ ಜಾರಿದಳು ಎಂದು ತಂಗಿಗೆ ಫೋನಿನಲ್ಲಿ ಸುಳ್ಳು ಹೇಳಿದೆ.

ಬುಧವಾರ ರಾತ್ರಿ ನಮ್ಮ ಮೇಜಿಗೆ ಒಬ್ಬ ನರೆಗೂದಲಿನ ವೈದ್ಯರು ಬಂದು ಕೂತರು. ತಂಗಿ ಅವರಿಗೆ ತನ್ನ ಕೆಲಸ ವಿವರಿಸುತ್ತಿದ್ದಳು. ಪಿಂಕ್ 1, ಪಾರ್ಕಿನ್ ಎಂದು ಎರಡು ಜೀನುಗಳಿವೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳು ಕೆಟ್ಟಾಗ ಅವುಗಳನ್ನು ಗುರುತಿಸಿ ಗಂಟು ಕಟ್ಟಿಸುವುದು ಇವುಗಳ ಕೆಲಸ. ಇವು ಕೆಟ್ಟರೆ ಚಿಕ್ಕ ವಯಸ್ಸಿಗೇ ನಡುಗು ರೋಗ ಬರುವುದುಂಟು. ಮಾತು ನಿಂತಾಗ ನಾನು ತಡೆಯದೆ ತಂಗಿಗೆ ಹೇಳಿದೆ: "ಉಪ್ಪಾಸ ಮಾಡಿದ್ರ ನಡುಗು ಕಡಿಮಿ ಆಗ್ತದೇನು, ಕೇಳವಾ." ಅವಳು ಕೇಳಿದಳು. ಅವರು, ಯಾರಾದರೂ ಮಾಡಿದ್ದಾರೆಯೇ ಎಂದು ತಿರುಗಿ ಕೇಳಿದರು. ನನ್ನದು ಮುರುಕು ಇಂಗ್ಲಿಷು. ಹೇಳುವುದಾದರೆ ತಂಗಿಯ ಬಾಯಿಂದಲೇ ಹೇಳಿಸಬೇಕು. ಹೇಳಿದೆ. ಏಕಾದಶಿ, ಗುಳಿಗೆ, ಹಿತ್ತಲ ಬಾಗಿಲು, ಎಲ್ಲ. ತಂಗಿ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸಿದಳು. ಒಂದು ಕಡೆ ನಿಂತಳು, ನೀರು ಕುಡಿದಳು, ಮತ್ತೆ ಮುಂದುವರಿಸಿದಳು.

ಅವರು ಚಮಚ ಕೆಳಗಿಟ್ಟು ಉತ್ತರ ಕೊಟ್ಟರು. ಹಸಿವಿನಿಂದ ಆಟೊಫಜಿ ಹೆಚ್ಚುವುದು ಯೀಸ್ಟಿನಲ್ಲಿ ನಿಜ, ಇಲಿಯ ಯಕೃತ್ತಿನಲ್ಲಿ ನಿಜ. ಆದರೆ ಇಲಿಗೆ ಒಂದು ದಿನದ ಉಪವಾಸವೆಂದರೆ ಮನುಷ್ಯನಿಗೆ ಎಷ್ಟೋ ದಿನ ಉಪವಾಸವಿದ್ದ ಹಾಗೆ. ಅದರ ತೂಕವೇ ಇಳಿದುಹೋಗುತ್ತದೆ. ಬದುಕಿರುವ ಮನುಷ್ಯನ ಮಿದುಳಿನೊಳಗೆ ಈ ಕೆಲಸ ಎಷ್ಟು ನಡೆಯುತ್ತಿದೆ ಎಂದು ಅಳೆಯುವ ಉಪಾಯ ನಮ್ಮ ಹತ್ತಿರ ಇಲ್ಲ. ಎಷ್ಟು ಹೊತ್ತು ಉಪವಾಸವಿದ್ದರೆ ಯಾವ ರೋಗಕ್ಕೆ ಒಳ್ಳೆಯದು ಎಂದು ಯಾರೂ ತೋರಿಸಿಲ್ಲ. ಹೆಚ್ಚಾದಷ್ಟೂ ಒಳ್ಳೆಯದು ಎನ್ನುವ ಹಾಗೂ ಇಲ್ಲ. ಬೆಳೆದು ನಿಂತ ಕ್ಯಾನ್ಸರ್ ಗಡ್ಡೆ ಇದೇ ಶಕ್ತಿಯಿಂದ ಬದುಕುತ್ತದೆ, ಅದಕ್ಕೇ ಮಲೇರಿಯಾಕ್ಕೆ ಕೊಡುತ್ತಿದ್ದ ಔಷಧಿಯಿಂದ ಅದನ್ನು ತಡೆಯಲು ನೋಡುತ್ತಿದ್ದಾರೆ. ಸಕ್ಕರೆಯ ಗುಳಿಗೆ ನುಂಗುವವರಂತೂ ಡಾಕ್ಟರನ್ನು ಕೇಳದೆ ಊಟ ಬಿಡಲೇಬಾರದು, ರಕ್ತದ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಇಷ್ಟು ಹೇಳಿ, ನನ್ನ ಕಡೆ ತಿರುಗಿ, ನಿಧಾನವಾಗಿ, ನನಗೂ ತಿಳಿಯುವ ಇಂಗ್ಲಿಷಿನಲ್ಲಿ, ಈಗ ತಾಯಿ ಹೇಗಿದ್ದಾರೆ ಎಂದು ಕೇಳಿದರು.

ರಾತ್ರಿ ಕೋಣೆಯಲ್ಲಿ ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಕೂಸಿಗೆ ಹಾಲು ಕೊಟ್ಟು, ತೇಗಿಸಿ, ಕೌದಿಯ ಮೇಲೆ ಮಲಗಿಸಿ, ಆಮೇಲೆ ಅಂದಳು: "ಅವ್ವ ನನಗ ಆಗಲೇ ಹೇಳಿದ್ಲು. ನಿನ್ನ ಮುಂದ ಬಾಯಿ ಬಿಡಬ್ಯಾಡ, ಆಕಿ ಭಾಳ ನೊಂದಾಳ ಅಂತ ಆಣಿ ಮಾಡಿಸ್ಕೊಂಡಿದ್ಲು." ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಹೊರಡುವ ಮುನ್ನ ಬಾರ್ಗಾದ ಅಂಗಡಿಯಲ್ಲಿ ಒಂದು ಕಿಲೋ ಫಾರ್ರೊ ಕೊಂಡೆ. ಅಲ್ಲಿನ ಗಾರ್ಫಾಞಾನ ಸೀಮೆಯ ಹೆಸರಾಂತ ಧಾನ್ಯ. ಊಟದ ಮನೆಯಲ್ಲಿ ಅದರ ಸಾರು ಉಂಡಾಗಲೇ ನಾಲಿಗೆಗೆ ಗುರುತು ಸಿಕ್ಕಿತ್ತು. ಇದು ನಮ್ಮ ಧಾರವಾಡ, ಬೆಳಗಾವಿ ಕಡೆಯ ಸದಕ ಗೋಧಿ, ಜವೆ ಗೋಧಿ ಅನ್ನುತ್ತೇವಲ್ಲ, ಅದೇ ಜಾತಿ! ಮಾಡುವ ರೀತಿ ಸುಲಭ: ರಾತ್ರಿ ನೆನೆಸಿದ ಕಾಳನ್ನು ಬೇಯಿಸಿ ಅರ್ಧವನ್ನು ಕಿವುಚಿ, ಎಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಜ್ಜರಿ, ಟೊಮೆಟೊ ಬಾಡಿಸಿ, ಎಲ್ಲ ಕೂಡಿಸಿ ಗೋಧಿ ಮೆತ್ತಗಾಗುವವರೆಗೆ ಕುದಿಸಬೇಕು. ಅವರು ಹಾಕುವ ಬೀನ್ಸ್ ಕಾಳಿನ ಬದಲು ನಾನು ಅಲಸಂದಿ ಹಾಕುತ್ತೇನೆ.

ಊರಿಗೆ ಬಂದ ಮೂರನೆಯ ದಿನ ಅವ್ವನಿಗೆ ಮಾಡಿಕೊಟ್ಟೆ. ಬಟ್ಟಲನ್ನು ಎರಡೂ ಕೈಯಿಂದ ಹಿಡಿದು, ಮುರಿದು ಕೂಡಿದ ಮಣಿಕಟ್ಟು ಸ್ವಲ್ಪ ಸೊಟ್ಟ, ಒಂದು ಗುಟುಕು ಕುಡಿದಳು. "ಇಟಲಿದು ಅಂತಿ, ಇದು ನಮ್ಮ ಸದಕ ಅಲ್ಲೇನ?" ಅಂದಳು. ಹೌದು ಅಂದೆ. ಇನ್ನೊಂದು ಗುಟುಕು ಕುಡಿದು ನನ್ನ ಮುಖ ನೋಡದೆ ಕೇಳಿದಳು: "ಏಕಾದಶಿಗೆ ಇದು ನಡೀತದೇನ?" ಗೋಧಿ ಏಕಾದಶಿಗೆ ನಡೆಯುವುದಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು.

"ನಡೀತದವಾ" ಅಂದೆ.

"ಹಂಗಾರ ಇನ್ನೊಂದು ಸೌಟು ಹಾಕು" ಅಂದಳು.